ಸೀಲ್ ಒಡೆಯದ ಐಫೋನ್ 15, ಬಿಲ್ ಇಲ್ಲ, 44 ಸಾವಿರ. ತಗೊಳ್ಳಬಹುದಾ?

ಬೋಗಾದಿ_ಬಸ್:
ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ನನ್ನ ಫೋನ್ ಐದು ವರ್ಷದ್ದು, ಬೆಳಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟರೂ ಮಧ್ಯಾಹ್ನ ಊಟದ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಹಳೆ ಸಾಮಾನು ಮಾರುವ ಆ್ಯಪ್‌ನಲ್ಲಿ ಮೈಸೂರಿನವರೇ ಒಬ್ಬರು ಐಫೋನ್ 15 ಹಾಕಿದ್ದಾರೆ. 128 ಜಿಬಿ, ಕಪ್ಪು. ‘ಸೀಲ್ ಪ್ಯಾಕ್, ಗಿಫ್ಟ್ ಬಂದಿದ್ದು, ಬಿಲ್ ಇಲ್ಲ’ ಅಂತ ಬರೆದಿದ್ದಾರೆ. 44 ಸಾವಿರ. ದೇವರಾಜ ಅರಸು ರಸ್ತೆಯಲ್ಲಿ ವಿಚಾರಿಸಿದೆ, 60ರ ಹತ್ತಿರ ಹೇಳಿದರು. ಫೋಟೊದಲ್ಲಿ ಬಾಕ್ಸ್ ಫಳಫಳ ಹೊಳೆಯುತ್ತಿದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇದೆ, ಒಂದು ಗೀರೂ ಇಲ್ಲ. ಭಾನುವಾರ ಬಲ್ಲಾಳ್ ಸರ್ಕಲ್ ಹತ್ತಿರ ಸಿಗೋಣ ಅಂದಿದ್ದಾರೆ. ಸೀಲ್ ಇದ್ದ ಮೇಲೆ ಹೊಸದೇ ತಾನೆ? ಬಿಲ್ ಇಲ್ಲದಿದ್ದರೆ ಹೆಚ್ಚೆಂದರೆ ವಾರಂಟಿ ಸಿಗಲ್ಲ, ಅಷ್ಟೇ ಅಲ್ವಾ?

ಸೋಮಾರಿಕಟ್ಟೆ:
16 ಸಾವಿರ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೀಯ. 44 ಪೂರ್ತಿ ಹೋದರೆ ಅನ್ನೋ ಲೆಕ್ಕ ಯಾವಾಗ ಹಾಕ್ತೀಯ ಗುರು?

ಒಂಟಿಕೊಪ್ಪಲ್_ಕಾಫಿ:
ಸುಮ್ನೆ ಹೆದರಿಸಬೇಡಿ ಪಾಪ. ನಾನು ಇದೇ ಥರ ಎರಡು ಸಲ ತಗೊಂಡಿದ್ದೇನೆ. ಒಂದು ಇಯರ್‌ಫೋನ್, ಒಂದು ಬ್ಲೂಟೂತ್ ಸ್ಪೀಕರ್. ಎರಡೂ ಸೀಲ್ ಪ್ಯಾಕ್, ಎರಡಕ್ಕೂ ಬಿಲ್ ಇರಲಿಲ್ಲ. ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಎಲ್ಲರೂ ಕಳ್ಳರೇ ಆಗಿರಲ್ಲ.

ಸ್ಕ್ರೂಡ್ರೈವರ್:
ಇಯರ್‌ಫೋನ್ ಕಥೆ ಬೇರೆ ಸರ್. ಅದಕ್ಕೆ ಐಎಂಇಐ, ಅಂದರೆ ಪ್ರತಿ ಫೋನಿಗೂ ಇರುವ ಗುರುತಿನ ನಂಬರ್ ಇಲ್ಲ, ಯಾರೂ ಹುಡುಕಿಕೊಂಡು ಬರಲ್ಲ. ಹೋದರೆ ಒಂದೂವರೆ ಸಾವಿರ ಹೋಯಿತು ಅಂತ ಮಲಗಿಬಿಡಬಹುದು.

ಬೋಗಾದಿಯವರೇ, ಒಂದು ವಿಷಯ ಸರಿಯಾಗಿ ನೋಡಿ ಹೇಳಿ. ಪ್ಲಾಸ್ಟಿಕ್ ಹಾಗೇ ಇದೆ ಅಂದಿರಲ್ಲ, ಅದು ಬಾಕ್ಸ್ ಪೂರ್ತಿ ಸುತ್ತಿರುವ ತೆಳು ಪ್ಲಾಸ್ಟಿಕ್ಕಾ? ಅಥವಾ ಎಳೆದು ಹರಿಯುವ ಕಾಗದದ ಪಟ್ಟಿಯಾ?

ಬೋಗಾದಿ_ಬಸ್:
ಪೂರ್ತಿ ಸುತ್ತಿದೆ ಸರ್. ಬದಿಯಲ್ಲಿ ಮಡಚಿ ಅಂಟಿಸಿರುವುದೂ ಕಾಣುತ್ತಿದೆ. ಸೀಲ್ ಅಂದರೆ ಅದೇ ತಾನೆ?

ಸ್ಕ್ರೂಡ್ರೈವರ್:
ಹಾಗಾದರೆ ಭಾನುವಾರ ಮನೆಯಲ್ಲೇ ಕೂತು ಮಸಾಲೆ ದೋಸೆ ತಿನ್ನಿ.

2021ರಲ್ಲಿ ಐಫೋನ್ 13 ಬಂದಾಗಲೇ ಆ್ಯಪಲ್ ಬಾಕ್ಸ್ ಮೇಲಿನ ಪ್ಲಾಸ್ಟಿಕ್ ಸುತ್ತುವುದನ್ನು ನಿಲ್ಲಿಸಿತು. 600 ಟನ್ ಪ್ಲಾಸ್ಟಿಕ್ ಉಳಿಯುತ್ತೆ ಅಂತ ಹೇಳಿಕೊಂಡಿತ್ತು ಕೂಡ. ಆಮೇಲಿನ ಫೋನ್‌ಗಳಿಗೆಲ್ಲ ಕಾಗದದ ಪಟ್ಟಿ, ಹಿಡಿದು ಎಳೆದರೆ ಹರಿದು ಬರುತ್ತದೆ. ಅಂದರೆ ನೀವು ನೋಡುತ್ತಿರುವ ಪ್ಲಾಸ್ಟಿಕ್ ಕಂಪನಿಯದಲ್ಲ, ಆಮೇಲೆ ಇನ್ಯಾರೋ ಸುತ್ತಿದ್ದು. ಧೂಳು ಕೂರದಿರಲಿ ಅಂತ ಯಾವುದೋ ಅಂಗಡಿಯವರು ಸುತ್ತಿರಬಹುದು, ಅದೂ ಉಂಟು. ಆದರೆ ಅದನ್ನೇ ಸೀಲ್ ಅಂತ ತೋರಿಸಿ 44 ಸಾವಿರ ಕೇಳುತ್ತಿದ್ದಾರಲ್ಲ, ಅದು ನನಗೆ ಸರಿ ಕಾಣುತ್ತಿಲ್ಲ.

ನಾನು ಮೊಬೈಲ್ ರಿಪೇರಿ ಕೆಲಸದಲ್ಲಿ 14 ವರ್ಷದಿಂದ ಇದ್ದೇನೆ. ಡಿಸ್‌ಪ್ಲೇ ಬಿಚ್ಚಲು ನನ್ನ ಟೇಬಲ್ ಮೇಲೆ ಹೀಟ್ ಗನ್ ಸದಾ ಇರುತ್ತದೆ. ಅದೇ ಗನ್ ಮತ್ತು ಒಂದು ರೋಲ್ ಶ್ರಿಂಕ್ ಫಿಲ್ಮ್ ಇದ್ದರೆ ಸೀಲ್ ಹಾಕುವುದು ಎರಡು ನಿಮಿಷದ ಕೆಲಸ. ಫಿಲ್ಮ್‌ನ ಚೀಲದೊಳಗೆ ಬಾಕ್ಸ್ ತೂರಿಸಿ ಬಿಸಿಗಾಳಿ ಬಿಟ್ಟರೆ ಚರ್ಮದ ಹಾಗೆ ಅಂಟಿಕೊಳ್ಳುತ್ತದೆ. ಕೈ ಪಳಗದವರು ಮಾಡಿದರೆ ಗೊತ್ತಾಗುತ್ತದೆ. ಬಿಸಿ ಜಾಸ್ತಿಯಾದ ಮೂಲೆಯಲ್ಲಿ ಸಾಸಿವೆಯಷ್ಟು ತೂತು ಬೀಳುತ್ತದೆ, ಬಿಸಿ ಸಾಲದ ಕಡೆ ಸೀರೆ ನಿರಿಗೆ ಥರ ಸುಕ್ಕು ಉಳಿಯುತ್ತದೆ. ಕೈ ಪಳಗಿದವರು ಮಾಡಿದರೆ ನನಗೂ ಗೊತ್ತಾಗಲ್ಲ, ನಿಜ ಹೇಳುತ್ತೇನೆ.

ನನ್ನ ಕೇಳಿದರೆ ಈ ಸೀಲ್ ಅನ್ನೋದೇ ನಿಮಗೆ ದೊಡ್ಡ ಅಡ್ಡಿ. ಓಪನ್ ಆದ ಫೋನ್ ಕೈಗೆ ಕೊಡಿ, ಹತ್ತು ನಿಮಿಷದಲ್ಲಿ ಅದರ ಜಾತಕ ಹೇಳುತ್ತೇನೆ. ಹಳೆ ಓನರ್ ಅಕೌಂಟ್ ಉಳಿದಿದೆಯಾ, ಡಿಸ್‌ಪ್ಲೇ ಬದಲಾಗಿದೆಯಾ, ನೀರು ಕುಡಿದಿದೆಯಾ, ಎಲ್ಲಾ. ಸೀಲ್ ಇದ್ದರೆ ಏನನ್ನು ನೋಡೋದು? ರಟ್ಟಿನ ಬಾಕ್ಸ್ ನೋಡಿ ದುಡ್ಡು ಕೊಡಬೇಕು. ಐಫೋನ್ 15ರ ತೂಕ 171 ಗ್ರಾಂ. ಒಂದು ದೊಡ್ಡ ಗಂಧದ ಸೋಪಿಗೆ ಎರಡು ಚೂರು ರಟ್ಟು ಸೇರಿಸಿದರೆ ಅಷ್ಟೇ ಬರುತ್ತದೆ.

ಸೋಮಾರಿಕಟ್ಟೆ:
ಸೋಪಾದರೆ ಸ್ನಾನಕ್ಕಾದರೂ ಆಗುತ್ತೆ. ನನ್ನ ಭಾವಮೈದುನನಿಗೆ ಟೈಲ್ಸ್ ಚೂರು ಬಂದಿತ್ತು.

ನೂರಡಿ_ರಸ್ತೆ:
‘ಹೆಚ್ಚೆಂದರೆ ವಾರಂಟಿ ಸಿಗಲ್ಲ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಬರೆಯಲೇಬೇಕು ಅನ್ನಿಸಿತು. ನಾನು ಮಂಡ್ಯದವನು. ಹೋದ ವರ್ಷ ಯುಗಾದಿ ಹತ್ತಿರ ಹೆಂಡತಿಗೆ ಒಂದು ಫೋನ್ ಬೇಕಿತ್ತು. ಪರಿಚಯದವರ ಕಡೆಯ ಒಬ್ಬ ಹುಡುಗ ‘ಅಣ್ಣ, ಬೆಂಗಳೂರಲ್ಲಿ ಗೋಡೌನ್ ಖಾಲಿ ಮಾಡ್ತಿದ್ದಾರೆ, ಸೀಲ್ ಪ್ಯಾಕ್ ಬಂದಿದೆ, ಬಿಲ್ ಒಂದು ಕೇಳಬೇಡಿ’ ಅಂದ. ಅಂಗಡಿಯಲ್ಲಿ 24 ಸಾವಿರದ ಫೋನ್, ಅವನು ಕೊಟ್ಟಿದ್ದು 17,500ಕ್ಕೆ. ಕೈಯಲ್ಲಿ ನೋಟು ಎಣಿಸಿ ಕೊಟ್ಟೆ. ಸೀಲ್ ನಿಜವಾದದ್ದೇ, ನಾನೇ ಒಡೆದೆ, ಫೋನೂ ಹೊಚ್ಚ ಹೊಸದು. ಹೆಂಡತಿ ಬಾಕ್ಸಿಗೆ ಅರಿಶಿನ ಕುಂಕುಮ ಇಟ್ಟೇ ಆನ್ ಮಾಡಿದ್ದು.

ಆರು ವಾರ ಏನೂ ಇಲ್ಲ. ಒಂದು ದಿನ ಬೆಳಗ್ಗೆ ಅವಳಿಗೆ ಕರೆ ಬಂತು, ಬೆಂಗಳೂರಿನ ಒಂದು ಠಾಣೆಯಿಂದ ಅಂದರು, ಈ ಸಿಮ್ ಯಾವ ಫೋನಿಗೆ ಹಾಕಿದ್ದೀರಿ ಅಂತ ಕೇಳಿದರು. ಇದೂ ಒಂದು ಮೋಸದ ಕರೆ ಇರಬೇಕು ಅಂತ ನಾನೇ ಕಿತ್ತುಕೊಂಡು ಕಟ್ ಮಾಡಿದೆ. ಎರಡು ದಿನ ಬಿಟ್ಟು ನಮ್ಮ ಊರಿನ ಠಾಣೆಯಿಂದಲೇ ಕಾನ್‌ಸ್ಟೇಬಲ್ ಒಬ್ಬರು ಮನೆ ಬಾಗಿಲಿಗೆ ಬಂದರು. ಒರಟಾಗೇನೂ ಮಾತಾಡಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ, ‘ಬಿಲ್ ಇದೆಯಾ?’ ಅಂತ. ಪಕ್ಕದ ಮನೆಯವರು ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವ ನೆಪದಲ್ಲಿ ಗೇಟ್ ಬಿಟ್ಟು ಅಲ್ಲಾಡಲಿಲ್ಲ. ಫೋನ್ ಕೊಟ್ಟೆವು. ಹೇಳಿಕೆ ಕೊಡಲು ನಾನು ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆ. ಯಾವುದೋ ಅಂಗಡಿಯಿಂದ ಕದ್ದ ಲಾಟ್ ಅಂತೆ ಅದು. ಆ ಹುಡುಗನ ನಂಬರ್ ಇವತ್ತಿಗೂ ಸ್ವಿಚ್ ಆಫ್. ನಗದು ಕೊಟ್ಟಿದ್ದರಿಂದ ಅವನಿಗೆ ದುಡ್ಡು ಕೊಟ್ಟೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ.

ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ಬೇರೆ. ನನ್ನ ಹೆಂಡತಿ ಒಂದು ತಿಂಗಳು ಬೀದಿ ಕೊನೆಯ ಅಂಗಡಿಗೂ ಹೋಗಲಿಲ್ಲ.

ಕರಿಕೋಟು:
ಎಸ್‌ಪಿ ಕಚೇರಿ ಮುಂದೆ ಟೇಬಲ್ ಮೇಲೆ ಮೊಬೈಲ್ ಜೋಡಿಸಿಟ್ಟು ವಾರಸುದಾರರಿಗೆ ವಾಪಸ್ ಕೊಡುವ ಫೋಟೊ ಪೇಪರ್‌ನಲ್ಲಿ ಬರುತ್ತಲ್ಲ, ಅದರಲ್ಲಿ ಎಷ್ಟೋ ಫೋನ್ ನೂರಡಿಯವರಂಥವರ ಕೈಯಿಂದಲೇ ಬಂದಿರುತ್ತವೆ. ಫೋಟೊದಲ್ಲಿ ಅವರು ಕಾಣಲ್ಲ ಅಷ್ಟೇ.

ಕಾನೂನು ಸರಳವಾಗಿ ಹೇಳುತ್ತೇನೆ. 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ಬರಲ್ಲ. ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ ಕದ್ದ ಫೋನ್ ನಿಮ್ಮದಾಗಲ್ಲ. ಅದು ಒಂದು. ಇನ್ನೊಂದು, ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್. 2024ರ ಜುಲೈ 1ರ ಮುಂಚೆ ಇದು ಐಪಿಸಿ 411 ಆಗಿತ್ತು. ಕದ್ದ ಮಾಲು ಅಂತ ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣ ಇದ್ದೂ ಅಪ್ರಾಮಾಣಿಕವಾಗಿ ತಗೊಂಡರೆ ಮೂರು ವರ್ಷದವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಗೊತ್ತಿಲ್ಲದೆ ಮೋಸ ಹೋದವರನ್ನು ಒಳಗೆ ಹಾಕಲು ಇರುವ ಸೆಕ್ಷನ್ ಅಲ್ಲ ಇದು. ಆದರೆ ‘ನಂಬಲು ಕಾರಣ’ ಅನ್ನುವ ಮಾತು ಗಮನಿಸಿ. 60ರ ಸಾಮಾನು 44ಕ್ಕೆ, ಬಿಲ್ ಇಲ್ಲ, ಅಂಗಡಿ ಇಲ್ಲ, ಸರ್ಕಲ್‌ನಲ್ಲಿ ನಿಂತು ವ್ಯಾಪಾರ. ‘ನಿಮಗೆ ಅನುಮಾನ ಬರಲಿಲ್ವಾ?’ ಅಂತ ಕೇಳಿದರೆ ಏನು ಹೇಳುತ್ತೀರಿ? ಅನುಮಾನ ಬಂದಿದ್ದಕ್ಕೇ ತಾನೆ ಇಲ್ಲಿ ಬರೆದು ಕೇಳಿದ್ದು!

ಅಂಗಡಿಯಲ್ಲಿ ತಗೊಂಡಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು, ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಿ ಅಲ್ಲದ ಯಾರೋ ಒಬ್ಬರಿಂದ ತಗೊಂಡರೆ ಆ ದಾರಿ ಇಲ್ಲ.

ಬೋಗಾದಿ_ಬಸ್:
ಓದಿ ಸ್ವಲ್ಪ ಭಯ ಆಯಿತು. ಅದಕ್ಕೇ ಅವರ ಹತ್ತಿರ ಬಾಕ್ಸ್ ಹಿಂದಿನ ಸ್ಟಿಕರ್ ಫೋಟೊ ಕೇಳಿದೆ. ಮೊದಲು ಕಳಿಸಿದ್ದರಲ್ಲಿ ಅರ್ಧ ನಂಬರ್ ಮೇಲೆ ಹೆಬ್ಬೆರಳಿತ್ತು, ಇನ್ನೊಂದು ಸಲ ಕೇಳಿದ ಮೇಲೆ ಪೂರ್ತಿ ಬಂತು. ಗೆಳೆಯ ಹೇಳಿದ ಹಾಗೆ ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಟೈಪ್ ಮಾಡಿ, ಜಾಗ ಬಿಟ್ಟು 15 ಅಂಕಿಯ ಐಎಂಇಐ ಹಾಕಿ, ಫೋನ್ ಪರಿಶೀಲಿಸುವ ಸರ್ಕಾರದ ನಂಬರ್ 14422ಕ್ಕೆ ಮೆಸೇಜ್ ಕಳಿಸಿದೆ. ಐಫೋನ್ 15 ಅಂತಲೇ ಬಂತು, ಬ್ಲಾಕ್ ಆಗಿದೆ ಅಂತ ಬರಲಿಲ್ಲ! ಈಗ ಓಕೆ ಅಲ್ವಾ?

ಸ್ಕ್ರೂಡ್ರೈವರ್:
ಮೆಸೇಜ್ ಕಳಿಸಿದ್ದು ಒಳ್ಳೆಯದೇ. ಸರ್ಕಾರದ ಸಂಚಾರ್ ಸಾಥಿ ಆ್ಯಪ್‌ನಲ್ಲೂ ಇದೇ ನೋಡಬಹುದು. ಆದರೆ ನೀವು ನೋಡಿದ್ದು ಬಾಕ್ಸಿನ ನಂಬರ್. ಒಳಗಿನ ಫೋನಿನ ನಂಬರ್ ಅದೇನಾ ಅಂತ ಹೇಗೆ ಗೊತ್ತು? ಖಾಲಿ ಬಾಕ್ಸ್‌ಗಳೇ ಬೇರೆ ಮಾರಾಟಕ್ಕೆ ಸಿಗುತ್ತವೆ ಗೊತ್ತಾ, ಚಾರ್ಜಿಂಗ್ ಕೇಬಲ್ ಸಮೇತ.

ಇನ್ನೊಂದು, ಇವತ್ತು ಬ್ಲಾಕ್ ಆಗಿಲ್ಲ ಅಂದರೆ ಇವತ್ತಿನವರೆಗೆ ಯಾರೂ ಬ್ಲಾಕ್ ಮಾಡಿಸಿಲ್ಲ ಅಂತ ಮಾತ್ರ. ಕಳೆದುಕೊಂಡವರು ಮೊದಲು ಪೊಲೀಸರಿಗೆ ದೂರು ಕೊಡಬೇಕು, ಆ ದೂರಿನ ಪ್ರತಿ ಹಾಕಿ ಸಿಇಐಆರ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬೇಕು. ಗೋಡೌನ್‌ನಿಂದ 50 ಬಾಕ್ಸ್ ಹೋಗಿದ್ದರೆ ಸ್ಟಾಕ್ ಎಣಿಸುವವರೆಗೆ ಅವರಿಗೇ ಗೊತ್ತಿರಲ್ಲ. ಈ ಮಧ್ಯೆ ನೀವು ಮೆಸೇಜ್ ಕಳಿಸಿ, ಎಲ್ಲಾ ಸರಿ ಇದೆ ಅಂತ ದುಡ್ಡು ಕೊಟ್ಟಿರುತ್ತೀರಿ. ಆಮೇಲೆ ಬ್ಲಾಕ್ ಆಗುತ್ತದೆ. ಆ ಫೋನಿಗೆ ಸಿಮ್ ಹಾಕಿದರೆ ಯಾರ ಸಿಮ್ ಅಂತ ಪೊಲೀಸರಿಗೆ ಸುದ್ದಿ ಹೋಗುತ್ತದೆ. ನೂರಡಿಯವರ ಮನೆಗೆ ಬಂದಿದ್ದು ಹಾಗೇ ಇರಬೇಕು.

ಬೀದಿಯಲ್ಲಿ ಕಿತ್ತುಕೊಂಡು ಓಡಿದ ಫೋನಿಗೆ ಸೀಲ್ ಇರಲ್ಲ ಅಲ್ವಾ? ಸೀಲ್ ಇದ್ದು ಬಿಲ್ ಇಲ್ಲ ಅಂದರೆ ಅದು ಅಂಗಡಿಯಿಂದ, ಲಾರಿಯಿಂದ, ಕೊರಿಯರ್ ಚೀಲದಿಂದ ಬಂದಿರಬಹುದು. ಇಲ್ಲವೇ ಬೇರೆಯವರ ಹೆಸರಿನ ಸಾಲದಿಂದ.

ಕಬ್ಬಿನ_ಗದ್ದೆ:
ಕೊನೆಯದು ನನ್ನ ಕಥೆ. ಕಬ್ಬಿನ ದುಡ್ಡು ಬಂದಿತ್ತು, ಮಗಳು ಪಿಯುಸಿ ಪಾಸಾಗಿದ್ದಳು, ಫೋನ್ ಕೊಡಿಸೋಣ ಅಂತ. ಪಾಂಡವಪುರದ ಕಡೆಯ ಹುಡುಗನೊಬ್ಬ ಕಂತಿನ ಮೇಲೆ ತಗೊಂಡು, ಸೀಲ್ ಕೂಡ ಒಡೆಯದೆ ನನಗೆ ಮಾರಿದ. ಅವನಿಗೆ ಬೇಕಾಗಿದ್ದಿದ್ದು ಫೋನಲ್ಲ, ಕೈಗೆ ದುಡ್ಡು. ಆಗ ನನಗೆ ಅದು ಹೊಳೆಯಲಿಲ್ಲ. ಮೂರನೇ ತಿಂಗಳು ಒಂದು ರಾತ್ರಿ ಸ್ಕ್ರೀನ್ ಪೂರ್ತಿ ‘ಕಂತು ಬಾಕಿ ಇದೆ, ಪಾವತಿಸಿ’ ಅಂತ ಬಂದು ಲಾಕ್. ಕರೆ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ. ಮಗಳು ನನ್ನ ಮುಖ ನೋಡುತ್ತಾಳೆ, ನಾನು ಫೋನಿನ ಮುಖ ನೋಡುತ್ತೇನೆ. ಅಂಗಡಿಗೆ ಒಯ್ದೆ, ರೀಸೆಟ್ ಹೊಡೆದರೂ ಮತ್ತೆ ಅದೇ ಬಂತು. ಸಾಲ ಕೊಟ್ಟವರು ಹಾಕಿರುವ ಲಾಕ್ ಅದು, ಫೋನಿನ ಒಳಗೇ ಕೂತಿರುತ್ತೆ ಅಂದರು.

ಅವನ ಮನೆಗೆ ಹೋದರೆ ಅವರಮ್ಮ ಮಜ್ಜಿಗೆ ಕೊಟ್ಟು ಕಣ್ಣೀರು ಹಾಕಿದರು. ಕೊನೆಗೆ ಬಾಕಿ ಕಂತು ನಾನೇ ಕಟ್ಟಿದೆ. ಅಂಗಡಿ ಬೆಲೆಗಿಂತ ಮೂರು ಸಾವಿರ ಜಾಸ್ತಿ ಬಿತ್ತು ಒಟ್ಟಿನಲ್ಲಿ.

ಹೆಬ್ಬಾಳು_ಶಿಫ್ಟ್:
ನಾನು ಮಾರುವವರ ಕಡೆಯಿಂದ ಒಂದು ಮಾತು ಹೇಳಲಾ? ದೀಪಾವಳಿಗೆ ನಮ್ಮ ಕಂಪನಿಯಲ್ಲಿ ಎಲ್ಲರಿಗೂ ಟ್ಯಾಬ್ ಕೊಟ್ಟರು. ನನ್ನ ಹತ್ತಿರ ಆಗಲೇ ಒಂದಿದೆ, ಗಿಫ್ಟ್ ಬಂದದ್ದನ್ನು ಮಾರೋಣ ಅಂತ ಹಾಕಿದೆ. ಬಂದವರೆಲ್ಲ ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಒಬ್ಬರು ‘ಯಾವ ಅಂಗಡಿಯಿಂದ ಹಾರಿಸಿದ್ದು ಮೇಡಂ’ ಅಂತ ನಗುತ್ತಾ ಕೇಳಿದರು. ಗಿಫ್ಟ್ ಬಂದಿದ್ದಕ್ಕೆ ನಾನು ಬಿಲ್ ಎಲ್ಲಿಂದ ತರಲಿ?

ಕರಿಕೋಟು:
ನಿಮ್ಮ ಸಿಟ್ಟು ನ್ಯಾಯವಾದದ್ದೇ ಮೇಡಂ. ಬಿಲ್ ನಿಮ್ಮ ಕಂಪನಿಯ ಹೆಸರಲ್ಲಿ ಇದ್ದೇ ಇರುತ್ತದೆ. ಎಚ್‌ಆರ್ ಅವರಿಗೆ ಒಂದು ಮೇಲ್ ಹಾಕಿ, ಬಿಲ್ ಪ್ರತಿ ಕೊಡದಿದ್ದರೂ ‘ಈ ಸೀರಿಯಲ್ ನಂಬರಿನ ಟ್ಯಾಬ್ ಉದ್ಯೋಗಿಗೆ ಕೊಟ್ಟಿದ್ದೇವೆ’ ಅಂತ ಒಂದು ಸಾಲು ಬರೆದುಕೊಟ್ಟರೂ ಸಾಕು. ಮಾರುವಾಗ ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು, ವಿಳಾಸ, ಸೀರಿಯಲ್ ನಂಬರ್, ತಾರೀಕು, ಮೊತ್ತ ಬರೆದು ಇಬ್ಬರೂ ಸಹಿ ಹಾಕಿ. ದುಡ್ಡು ಯುಪಿಐ ಅಥವಾ ಬ್ಯಾಂಕ್ ಮೂಲಕ ತಗೊಳ್ಳಿ. ಕಳ್ಳ ಮಾಲು ಮಾರುವವನು ಇದಕ್ಕೆ ಸುಲಭಕ್ಕೆ ಒಪ್ಪಲ್ಲ. ಬೋಗಾದಿಯವರೇ, ನೀವು ಕೇಳಿ ನೋಡಬೇಕಾಗಿದ್ದೂ ಇದನ್ನೇ.

ಲೆಕ್ಕದ_ಪುಸ್ತಕ:
ಬಿಲ್ ಇದೆ ಅಂದ ಕೂಡಲೇ ಕಣ್ಣು ಮುಚ್ಚಿ ನಂಬಬೇಡಿ, ಅದನ್ನೂ ನೋಡಿ. ನಾನು ಲೆಕ್ಕಪತ್ರದ ಕೆಲಸ ಮಾಡುವವನು. ಜಿಎಸ್‌ಟಿ ನಂಬರ್ 15 ಅಕ್ಷರ, ಅಂಕಿ ಸೇರಿ ಇರುತ್ತದೆ, ಕರ್ನಾಟಕದ ಅಂಗಡಿ ಆದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿ ಹೆಸರು ಬರುತ್ತದೆ, ಬಿಲ್ ಮೇಲಿನ ಹೆಸರಿಗೆ ತಾಳೆ ಆಗಬೇಕು. ಬಿಲ್‌ನಲ್ಲಿ ಐಎಂಇಐ ಇರಬೇಕು. ಮೊಬೈಲ್‌ಗೆ 2020ರ ಏಪ್ರಿಲ್‌ನಿಂದ 18 ಪರ್ಸೆಂಟ್. ನನ್ನ ಹತ್ತಿರ ಒಬ್ಬರು 2023ರ ತಾರೀಕಿನ ಬಿಲ್ ತಂದಿದ್ದರು, ಅದರಲ್ಲಿ 12 ಪರ್ಸೆಂಟ್ ಹಾಕಿತ್ತು! ಕಂಪ್ಯೂಟರ್‌ನಲ್ಲಿ ಬಿಲ್ ಬರೆದ ಮಹಾನುಭಾವನಿಗೆ ತೆರಿಗೆ ಏರಿದ್ದೇ ಗೊತ್ತಿರಲಿಲ್ಲ.

ಕಾಲೇಜ್_ಕ್ಯಾಂಟೀನ್:
ಲ್ಯಾಪ್‌ಟಾಪ್‌ಗೂ ಇದೇ ನಾ? ನಮ್ಮ ಸೀನಿಯರ್ ಒಬ್ಬರು ಸೀಲ್ ಪ್ಯಾಕ್ ಲ್ಯಾಪ್‌ಟಾಪ್ ಕೊಡ್ತೀನಿ ಅಂತಿದ್ದಾರೆ.

ಸ್ಕ್ರೂಡ್ರೈವರ್:
ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ತಾಪತ್ರಯ ತಂಗಿ. ಕೆಲವು ಕಂಪನಿಗಳಲ್ಲಿ ಮಾಲು ಹೊರಟ ದಿನದಿಂದಲೇ ವಾರಂಟಿ ಓಡಲು ಶುರುವಾಗುತ್ತದೆ. ಬಾಕ್ಸ್ ಎಂಟು ತಿಂಗಳು ಅಟ್ಟದ ಮೇಲೆ ಕೂತಿದ್ದರೆ ಎಂಟು ತಿಂಗಳು ಹೋಯಿತು. ಬಿಲ್ ಇದ್ದರೆ ತೋರಿಸಿ ತಾರೀಕು ಸರಿ ಮಾಡಿಸಬಹುದು, ಇಲ್ಲದಿದ್ದರೆ ಇಲ್ಲ. ಬಾಕ್ಸ್ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡು. ಆಫೀಸಿನ ಮಾಲಾಗಿದ್ದರೆ ಆನ್ ಮಾಡಿ ವೈಫೈ ಕೊಟ್ಟ ತಕ್ಷಣ ‘ಇದು ಇಂಥ ಸಂಸ್ಥೆಗೆ ಸೇರಿದ್ದು’ ಅಂತ ಬರಬಹುದು. ಅದಕ್ಕೇ ಆನ್ ಮಾಡದೆ ದುಡ್ಡು ಕೊಡಬೇಡ.

ಬೋಗಾದಿಯವರೇ, ನಿಮಗೂ ಅದೇ. ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಕೊನೆಗೆ ನೋಡಿ, ಎಚ್‌ಎನ್ ಇದ್ದರೆ ಇಲ್ಲಿನದು, ಎಲ್‌ಎಲ್ ಇದ್ದರೆ ಅಮೆರಿಕದ್ದು. ಅಮೆರಿಕದ 15ರಲ್ಲಿ ಸಿಮ್ ಹಾಕಲು ತೂತೇ ಇಲ್ಲ, ಬರೀ ಇ-ಸಿಮ್. ಸೀರಿಯಲ್ ನಂಬರನ್ನು ಆ್ಯಪಲ್‌ನ ವಾರಂಟಿ ಪುಟದಲ್ಲಿ ಹಾಕಿ. ಒಡೆಯದ ಫೋನ್ ಆಗಿದ್ದರೆ ಇನ್ನೂ ಆ್ಯಕ್ಟಿವೇಟ್ ಆಗಿಲ್ಲ ಅಂತ ಬರಬೇಕು. ವಾರಂಟಿ ಆಗಲೇ ಓಡುತ್ತಿದ್ದರೆ ಯಾರೋ ಬಳಸಿ ಪ್ಲಾಸ್ಟಿಕ್ ಸುತ್ತಿದ್ದಾರೆ ಅಂತ.

ಬೋಗಾದಿ_ಬಸ್:
ಆ ಪುಟದಲ್ಲಿ ಹಾಕಿ ನೋಡಿದೆ. ವಾರಂಟಿಗೆ ಇನ್ನು ಎರಡು ತಿಂಗಳು ಬಾಕಿ ಅಂತ ತೋರಿಸುತ್ತಿದೆ...

ಸೋಮಾರಿಕಟ್ಟೆ:
ಹತ್ತು ತಿಂಗಳ ಮಗುವನ್ನು ಇವತ್ತು ಹುಟ್ಟಿದ್ದು ಅಂತ ತೋರಿಸ್ತಿದ್ದಾರೆ!

ನೂರಡಿ_ರಸ್ತೆ:
ಅಡ್ವಾನ್ಸ್ ಏನಾದರೂ ಕಳಿಸಿದ್ದೀರಾ? ‘ಬೇರೆಯವರೂ ಕೇಳ್ತಿದ್ದಾರೆ, ಎರಡು ಸಾವಿರ ಹಾಕಿ ಹಿಡಿದಿಡ್ತೀನಿ’ ಅಂತ ಕೇಳುತ್ತಾರೆ. ಕಳಿಸಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹೇಳಿ.

ಬೋಗಾದಿ_ಬಸ್:
ಕೇಳಿದ್ದರು ಅಣ್ಣ, ಕಳಿಸಿಲ್ಲ.

ಬೋಗಾದಿ_ಬಸ್:
ಭಾನುವಾರದ ಸುದ್ದಿ. ಮನಸ್ಸು ತಡೆಯಲಿಲ್ಲ, ಅಣ್ಣನ ಜೊತೆ ಹೋಗಿಯೇ ಬಿಟ್ಟೆ. ಜೇಬಿನಲ್ಲಿ ದುಡ್ಡು ಇಟ್ಟುಕೊಂಡಿರಲಿಲ್ಲ. ಬಂದವರಿಗೆ ಹೆಚ್ಚೆಂದರೆ 25 ವರ್ಷ, ಇಸ್ತ್ರಿ ಮಾಡಿದ ಅಂಗಿ, ತುಂಬಾ ಮರ್ಯಾದೆಯಿಂದ ಮಾತಾಡಿದರು. ಬಾಕ್ಸ್ ಕೈಗೂ ಕೊಟ್ಟರು. ಮೂಲೆಯಲ್ಲಿ ಬೆರಳಾಡಿಸಿದೆ, ಸ್ಕ್ರೂಡ್ರೈವರ್ ಸರ್ ಹೇಳಿದ ಸಾಸಿವೆ ತೂತು ಎರಡಿತ್ತು. ಇಲ್ಲೇ ಒಡೆದು ಆನ್ ಮಾಡೋಣ ಅಂದೆ. ‘ಸೀಲ್ ಒಡೆದರೆ ನೀವು ತಗೊಳ್ಳಲೇಬೇಕು’ ಅಂದರು. ಸರಿ, ಹಾಳೆಯಲ್ಲಿ ಬರೆದು ಸಹಿ ಹಾಕಿ, ಆಧಾರ್ ಪ್ರತಿ ಕೊಡಿ ಅಂತ ಅಣ್ಣ ಕೇಳಿದ. ಒಂದು ಕರೆ ಬಂತು ಅಂತ ಪಕ್ಕಕ್ಕೆ ಹೋದರು, ಹಾಗೇ ಸ್ಕೂಟರ್ ಹತ್ತಿದರು. ವಾರಂಟಿ ವಿಷಯ ಕೇಳಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಸಿಗ್ನಲ್ ದಾಟಿ ಹೋಗಿದ್ದರು.

ಅವರು ಕಳ್ಳರಾ, ಇಲ್ಲ ಅವರಿಗೂ ಯಾರೋ ಟೋಪಿ ಹಾಕಿದ್ದರಾ, ಗೊತ್ತಾಗಲೇ ಇಲ್ಲ. ನಾವಿಬ್ಬರೂ ಒಂದೊಂದು ಕಾಫಿ ಕುಡಿದು ಬಂದೆವು. ಸ್ಕ್ರೂಡ್ರೈವರ್ ಸರ್, ನನ್ನ ಹಳೆ ಫೋನಿಗೆ ಬ್ಯಾಟರಿ ಹಾಕಿಸಿದರೆ ಎಷ್ಟಾಗುತ್ತೆ?

ಸ್ಕ್ರೂಡ್ರೈವರ್:
ಮಾಡೆಲ್ ಹೇಳಿ. ಬಿಲ್ ಕೊಡುತ್ತೇನೆ.

ಹೊಸ_ಸದಸ್ಯ_ಮದ್ದೂರು:
ಪೂರ್ತಿ ಓದಲು ಟೈಮ್ ಸಿಗಲಿಲ್ಲ. ಆ ಐಫೋನ್ ಇನ್ನೂ ಇದೆಯಾ? 40ಕ್ಕೆ ಕೊಡ್ತಾರಾ ಕೇಳಿ.